ಜೊಂಡಿನ ಮರೆಯ ಬಾತು

ನಮ್ಮ ಫೋಟೋ ಬಳಗದವರಿಗೆ ಹಕ್ಕಿ ಬೇಕು, ಹಕ್ಕಿಯ ಮನೆ ಬೇಡ. ಹುಲ್ಲು, ಕಡ್ಡಿ, ಎಲೆ ಯಾವುದೂ ಚೌಕಟ್ಟಿನೊಳಗೆ ಸುಳಿಯಬಾರದು. ಹಿಂದೆ ಬರೀ ನೀರು, ಮುಂದೆ ಬರೀ ಹಕ್ಕಿ. ಹಾಗೆ ತೆಗೆದರೆ ಮಾತ್ರ ಅವರ ಪ್ರಕಾರ ಅದು ಫೋಟೋ.

ಅವರೆಲ್ಲ ಭಾನುವಾರ ಹೊರಡುವವರು. ಭೋಸರಿಯ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ನನಗೆ ರಜೆ ಗುರುವಾರ. ಹೀಗಾಗಿ ತಳೇಗಾಂವದ ಆಚೆಗಿನ ಕೆರೆಗೆ ನಾನೊಬ್ಬಳೇ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಈ ಮಳೆಗಾಲದಲ್ಲಿ ಅಲ್ಲಿ ಒಂದು ಕಾಡುಬಾತು, ಕೊಕ್ಕಿನ ತುದಿಗೆ ಅರಿಸಿನ ಹಚ್ಚಿದಂತೆ ಕಾಣುವ ಜಾತಿಯದು, ದಡದ ಜೊಂಡುಹುಲ್ಲಿನೊಳಗೆ ಕಾವಿಗೆ ಕೂತಿತ್ತು. ಎಷ್ಟು ಒದ್ದಾಡಿದರೂ ಕ್ಯಾಮೆರಾ ಅದರ ಮುಖ ಬಿಟ್ಟು ಜೊಂಡಿಗೇ ಫೋಕಸ್ ಆಗುತ್ತಿತ್ತು. ಕೊನೆಗೆ ಎರಡು ದಂಟುಗಳ ಸಂದಿಯಲ್ಲಿ ಒಂದು ಕಣ್ಣು ಸಿಕ್ಕಿತು. ನನಗೆ ಅಷ್ಟೇ ಸಾಕೆನಿಸಿತು, ಖುಷಿಯೂ ಆಯಿತು.

ಬಳಗದ ಹಿರಿಯರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಬೆಳಗಾವಿ ಕಡೆಯವರು, ನನ್ನೊಡನೆ ಕನ್ನಡವನ್ನೇ ಆಡುತ್ತಾರೆ. ಆ ಫೋಟೋ ನೋಡಿ ಮುಖ ಸಿಂಡರಿಸಿದರು.

“ಬಾತು ಛಲೋ ಅದವಾ. ಆದ್ರ ಈ ಜೊಂಡು ಭಾಳ ಅಡ್ಡ ಬರ್ತದ.”

“ಅಡ್ಡ ಇರ್ಲಿ ಅಂತನ ಅದು ಅಲ್ಲಿ ಗೂಡು ಮಾಡೇದ್ರಿ ಕಾಕಾ. ತತ್ತಿ ಅವ. ಮರಿ ಆಗೂತನಕ ಯಾರೂ ಹತ್ರ ಹೋಗೂದು ಬ್ಯಾಡ್ರಿ.”

“ಹೌದೌದು,” ಎಂದರು. ಒಪ್ಪಿದರು ಎಂದುಕೊಂಡೆ.

ಮುಂದಿನ ಗುರುವಾರ ಹೋದರೆ ದಡದ ಜೊಂಡನ್ನು ಯಾರೋ ಬುಡಕ್ಕೇ ಕೊಯ್ದಿದ್ದರು. ಕೊಯ್ದದ್ದು ನೀರಲ್ಲಿ ತೇಲುತ್ತಿತ್ತು. ಬಟಾಬಯಲಾದ ಗೂಡಿನಲ್ಲಿ ಕಾಗೆಗಳು ತಿಂದುಳಿದ ಚಿಪ್ಪುಗಳಿದ್ದವು. ಬಾತು ಎಲ್ಲೂ ಇರಲಿಲ್ಲ. ಅಲ್ಲಿಂದಲೇ ಕಾಕಾರಿಗೆ ಫೋನ್ ಮಾಡಿದೆ.

“ಹೌದು, ನಾನ ಕೊಯ್ಸಿದೆ. ನಾಲ್ಕು ದಂಟು ತೆಗದ್ರ ಕೆರಿ ಏನ್ ಬತ್ತೂದಿಲ್ಲ, ಸುಮ್ನಿರವಾ,” ಎಂದು ಫೋನ್ ಇಟ್ಟುಬಿಟ್ಟರು.

ಕಳೆದ ವಾರ ಬಳಗದ ಪ್ರದರ್ಶನವಿತ್ತು. ಮೊದಲ ಬಹುಮಾನ ಕಾಕಾರದೇ. ಅದೇ ಬಾತು, ತಿಳಿನೀರಿನ ನಡುವೆ ಕತ್ತು ಉದ್ದ ಮಾಡಿಕೊಂಡು ದಡದತ್ತ ನೋಡುತ್ತಿದೆ. ಸುತ್ತ ಒಂದು ಕಡ್ಡಿಯೂ ಇಲ್ಲ. “ಡೋಳೇ ಬಘಾ, ಕಿತೀ ಬೋಲಕೇ!” ಎಂದು ಮರಾಠಿ ಹೆಂಗಸೊಬ್ಬರು ಅದರ ಮಾತಾಡುವ ಕಣ್ಣನ್ನು ಬಾಯ್ತುಂಬ ಹೊಗಳುತ್ತಿದ್ದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

“ನೀ ಏನೂ ಅನ್ನಲೇ ಇಲ್ಲಲ್ಲವಾ?” ಎಂದರು ಕಾಕಾ.

“ಅದು ತನ್ನ ಗೂಡು ಹುಡಕ್ಲಿಕತ್ತದ್ರಿ,” ಎಂದೆ.

ಅವರು ಫೋಟೋದತ್ತ ಮತ್ತೊಮ್ಮೆ ನೋಡಿದರು. ಆಮೇಲೆ ತಲೆದೂಗಿ, “ಭಾಳ ಛಲೋ ಹೆಸರು ಹೇಳಿದಿ ನೋಡು. ಫೋಟೋಕ್ಕ ಇದನ್ನ ಇಡತೇನಿ,” ಎಂದರು.