ತಾರಸಿಯ ಗರಿಕೆ

ಅಮ್ಮನ ಅಂಗಾಲು ಉರಿಯುತ್ತಿತ್ತು. ಇಲ್ಲಿಂದಲೇ ಶುರು ಮಾಡಬೇಕು, ಯಾಕೆಂದರೆ ಉಳಿದ ವಿವರಗಳಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಎಪ್ಪತ್ತರ ದಶಕದ ಕೊನೆ ಇರಬೇಕು. ಎಂಬತ್ತನೇ ಇಸವಿ ದಾಟಿತ್ತು ಎನ್ನುತ್ತಾಳೆ ತಂಗಿ. ಅಮ್ಮನನ್ನು ಕಾರ್ಕಳದಿಂದ ಕರೆತಂದು ಮಣಿಪಾಲದ ನನ್ನ ಬಾಡಿಗೆ ಮನೆಯಲ್ಲಿ ಇರಿಸಿಕೊಂಡಿದ್ದೆ. ಮನೆಯೆಂದರೆ ತಾರಸಿಯ ಮೇಲಿನ ಎರಡು ಕೋಣೆ. ಬೆಳಿಗ್ಗೆ ಹಸಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಉರಿ ತಗ್ಗುತ್ತದೆ ಎಂದರು ವೈದ್ಯರು. ಕೆಳಗಿನ ಅಂಗಳದಲ್ಲಿ ಮುರಕಲ್ಲು ಬಿಟ್ಟರೆ ಬೇರೇನಿಲ್ಲ. ಇಳಿಯೋಣವೆಂದರೆ ಅಮ್ಮನ ಮಂಡಿ ಬಿಡದು.

ಹಾಗಾಗಿ ಹುಲ್ಲೇ ಮೇಲೆ ಬರಬೇಕಾಯಿತು.

“ಸೋರಿದರೆ ನೀವೇ ನೋಡಿಕೊಳ್ಬೇಕು ಮಾಷ್ಟ್ರೇ” ಎಂದು ಹೇಳಿ ಕೆಳಗಿನ ಮನೆಯೊಡತಿ ಒಪ್ಪಿದರು. ದಪ್ಪ ಪ್ಲಾಸ್ಟಿಕ್ ಹಾಸಿ, ತಗಡಿನ ಡಬ್ಬಿಗಳಲ್ಲಿ ಮಣ್ಣು ಹೊತ್ತು ನಾಲ್ಕು ಬೆರಳು ದಪ್ಪ ಹರಡಿದೆ. ಕಾಗೆ ಕೆದಕದಂತೆ ಮಲ್ಪೆಯಿಂದ ಹರಿದ ಬಲೆ ತಂದು ಹೊದಿಸಿದೆ. ಬಂಗಲೆಯೊಂದರ ತೋಟದಿಂದ ತಂದ ನಯವಾದ ಹುಲ್ಲು ಮಾರ್ಚಿನ ಬಿಸಿಲಿಗೆ ಹಳೇ ಚಾಪೆಯ ಬಣ್ಣಕ್ಕೆ ತಿರುಗಿತು. ಮತ್ತೆ ಹಾಕಿದೆ, ಮತ್ತೆ ಹೋಯಿತು. ಕೊನೆಗೆ ಕಾಪುವಿನಲ್ಲಿ ತಂಗಿಯ ಮನೆಯ ಗದ್ದೆಯಂಚಿನಿಂದ ಒಂದು ಗೋಣಿ ಗರಿಕೆ ಕಿತ್ತು ಬಸ್ಸಿಗೆ ಏರಿಸಿದೆ.

“ಮನೆಯಲ್ಲಿ ದನ ಉಂಟಾ?” ಎಂದ ಕಂಡಕ್ಟರ್.

“ಇಲ್ಲ, ತಾಯಿಗೆ.”

ಇಡೀ ಬಸ್ಸು ನಕ್ಕಿತು.

ಗರಿಕೆ ಬೇರುಬಿಟ್ಟಿತು. ಮಳೆಗಾಲ ಮುಗಿಯುವಾಗ ತಾರಸಿ ಹಸಿರಾಗಿತ್ತು. ಅಮ್ಮ ಕಾಲಿಡಬೇಕು, ಅಷ್ಟೇ ಬಾಕಿ. “ನಾಳೆ” ಎಂದಳು. ಆ ನಾಳೆ ಸಂಕಷ್ಟಿ. ಮನೆಯೊಡತಿ ಹರಿವಾಣ ಹಿಡಿದು ಮೇಲೆ ಬಂದರು.

“ಅಮ್ಮಾ, ಇಲ್ಲಿಗೆ ನಾಯಿಯೂ ಬರ್ಲಿಕ್ಕಿಲ್ಲ, ದನವೂ ಬರ್ಲಿಕ್ಕಿಲ್ಲ. ಇಷ್ಟು ಶುದ್ಧದ ಗರಿಕೆ ಉಡುಪಿ ಪೇಟೆ ಹುಡುಕಿದರೂ ಸಿಕ್ಕುವುದುಂಟಾ? ಇಪ್ಪತ್ತೊಂದು ಕುಡಿ ಸಾಕು.”

ಮುಂದಿನ ಸಂಕಷ್ಟಿಗೆ ಓಣಿಯೇ ಬಂತು. ತೆಳ್ಳಗಿನ ಮಣ್ಣು, ಕುಡಿ ಚಿವುಟಿದರೆ ಬೇರೂ ಬರುತ್ತಿತ್ತು. ನಾನು ಶಾಲೆಯಿಂದ ಮರಳುವಾಗ ತಾರಸಿ ಪುಕ್ಕ ಕಿತ್ತ ಕೋಳಿಯ ಹಾಗೆ ಕಾಣುತ್ತಿತ್ತು. ಮತ್ತೆ ಚಿಗುರಲಿ ಎಂದು ನೀರು ಹೊತ್ತೆ. ಚಿಗುರಿತು. ಅಮ್ಮ ಮಾತ್ರ ಅಂಚಿನ ಸಿಮೆಂಟಿನಿಂದ ಆಚೆ ಹೆಜ್ಜೆ ಇಡಲಿಲ್ಲ.

“ಎಂತ ಆಯ್ತಮ್ಮ? ಒಂದು ಸಲ ನಡೆ.”

“ದೇವರ ತಲೆಗೆ ಹೋಗುವುದನ್ನು ನಾನು ಮೆಟ್ಟುವುದಾ?”

“ಕಾರ್ಕಳದ ಅಂಗಳದಲ್ಲಿ ದಿನಾ ಮೆಟ್ಟುತ್ತಿದ್ದೆಯಲ್ಲ!”

“ಅದು ಅದರಷ್ಟಕ್ಕೆ ಬಂದದ್ದು ಮಾರಾಯ. ಇದು ನೀನು ನೆಟ್ಟದ್ದು.”

ನಾನು ಗರಿಕೆಯ ನಡುವೆ ತೆಂಗಿನ ನಾರಿನ ಹಗ್ಗ ಅಡ್ಡ ಕಟ್ಟಿದೆ. ಒಂದು ಮೂಲೆ ಪೂಜೆಗೆ, ಉಳಿದದ್ದು ಕಾಲಿಗೆ.

“ಗಣಪತಿಗೇ ಗಡಿ ಹಾಕ್ತೀಯಾ?” ಎಂದು ಅಮ್ಮ ಹಗ್ಗ ಬಿಚ್ಚಿ ಬಟ್ಟೆ ಒಣಗಿಸಲು ಕಟ್ಟಿದಳು.

ಈ ಮಾತುಗಳೆಲ್ಲ ತುಳುವಿನಲ್ಲಿ ನಡೆದವು. ಕನ್ನಡದಲ್ಲಿ ಬರೆಯುವಾಗ ನನ್ನ ದನಿ ಇದ್ದದ್ದಕ್ಕಿಂತ ಸೌಮ್ಯವಾಗುತ್ತಿದೆ. ನಾನು ಕಿರುಚಿದ್ದೆ. ಕಿರುಚಿ, ಚಪ್ಪಲಿ ಕಳಚಿ, ನಾನೇ ಆ ಗರಿಕೆಯ ಮೇಲೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ದಪದಪ ನಡೆದೆ. ತಂಪಾಗಿತ್ತು. ಅದರಿಂದ ಸಿಟ್ಟು ಇನ್ನೂ ಏರಿತು.

“ನಿನ್ನ ಕಾಲಿಗೆ ಎಂತ ಉರಿ ಮಗ?” ಎಂದು ಅಮ್ಮ ಕೇಳಿದಳು.

ಅಮ್ಮ ಆ ಹುಲ್ಲಿನ ಮೇಲೆ ನಡೆಯುತ್ತಿದ್ದಳು, ಸೀರೆ ತುಸು ಎತ್ತಿ ಹಿಡಿದಿದ್ದಳು ಎಂದು ತಂಗಿ ಇವತ್ತಿಗೂ ಹೇಳುತ್ತಾಳೆ. ಅವಳು ಆ ತಾರಸಿ ನೋಡಿದ್ದೇ ಒಂದು ಸಲ. ನಾನು ದಿನಾ ನೋಡಿದವನು. ಸೀರೆ ಎತ್ತಿ ಹಿಡಿದದ್ದು ನಿಜ. ಗರಿಕೆಗೆಂದು ನಾನು ಕೆಳಗಿನ ಬಾವಿಯಿಂದ ಹೊತ್ತು ತಂದ ಬಾಲ್ದಿಯ ನೀರಿನಲ್ಲಿ ಎರಡೂ ಪಾದ ಮುಳುಗಿಸಿ, ಸ್ಟೂಲಿನ ಮೇಲೆ ಕೂತು, ಓಣಿಯ ಹೆಂಗಸರಿಗೆ ಯಾವ ಕುಡಿ ಎಳೆಯದು ಎಂದು ಬೆರಳು ಮಾಡಿ ತೋರಿಸುತ್ತಿದ್ದಳು.