ಮೇಷ್ಟ್ರು ಕಲಿತ ಉಲ್ಟಾ ಗಂಟು

ಕಳೆದ ವಾರ ಅಮ್ಮನನ್ನು ನೋಡಲು ಆಸ್ಟಿನ್‌ನಿಂದ ಬಂದಿದ್ದೆ. ಅವಳ ಪಕ್ಕದೂರು ಲೂಯಿಸ್‌ವಿಲ್‌ನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಪಕ್ಕದ ಡಬ್ಬಿಯಿಂದ ಸೇವಂತಿಗೆಯ ಘಾಟು ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಕೌಬಾಯ್ ಬೂಟು ಹಾಕಿದ ಒಬ್ಬ ಮೇಷ್ಟ್ರು...

ಅಮ್ಮ ಈಗಲೂ ಇರುವ ಫ್ಲವರ್ ಮೌಂಡ್ ಊರಿನ ನಮ್ಮ ಹೈಸ್ಕೂಲಿನಲ್ಲಿ ಅವರು ಹೂವಿನ ಅಲಂಕಾರ ಕಲಿಸುತ್ತಿದ್ದರು. ಆರಡಿ ಮೀರಿದ ಆಳು, ಮನೆಯಲ್ಲಿ ದನ ಸಾಕಿದ್ದವರು. ಆ ದಪ್ಪ ಬೆರಳುಗಳು ಗುಲಾಬಿಯನ್ನು ಮುಟ್ಟುವ ರೀತಿ ನೋಡಿದರೆ, ಎಳೆಗೂಸಿಗೆ ಎಣ್ಣೆ ಹಚ್ಚುವ ಅಜ್ಜಿಯರು ನೆನಪಾಗುತ್ತಿದ್ದರು. ನಾನು ಆಗಷ್ಟೇ ಮೈಸೂರಿನಿಂದ ಬಂದು ಸೇರಿದ್ದೆ.

ಅಕ್ಟೋಬರಿನಲ್ಲಿ ಹೋಂಕಮಿಂಗ್ ಬಂತು. ಹಳೆಯ ವಿದ್ಯಾರ್ಥಿಗಳೆಲ್ಲ ಫುಟ್‌ಬಾಲ್ ನೋಡಲು ಶಾಲೆಗೆ ಮರಳುವ ಶುಕ್ರವಾರ ಅದು. ಅಂದು ಹುಡುಗಿಯರೆಲ್ಲ ಸೇವಂತಿಗೆ ತೊಡುತ್ತಾರಂತೆ ಎಂದು ಅಮ್ಮನಿಗೆ ಹೇಳಿದೆ. ಹೇಳಿದ್ದೇ ತಡ, ಅಮ್ಮ ಅಂಗಡಿಯಿಂದ ಹೂಕುಂಡಗಳನ್ನು ತಂದು, ಎಲ್ಲವನ್ನೂ ಬೋಳಿಸಿ, ದಟ್ಟವಾದ ಹಾರ ಕಟ್ಟಿಕೊಟ್ಟಳು.

ಶಾಲೆಗೆ ಹೋಗಿ ನೋಡಿದರೆ ಒಬ್ಬೊಬ್ಬರ ಎದೆಯ ಮೇಲೂ ತಟ್ಟೆಯಗಲದ ಬಟ್ಟೆಯ ಸೇವಂತಿಗೆ, ಮೊಣಕಾಲಿನವರೆಗೆ ಇಳಿಬಿದ್ದ ರಿಬ್ಬನ್ನು, ಗೆಜ್ಜೆ. ನನ್ನ ಕೊರಳಲ್ಲೋ ದೇವರ ಪಟಕ್ಕೆ ಹಾಕುವಂಥ ಹಾರ! ಹೂವಿನ ಕ್ಲಾಸಿನಲ್ಲಿ ಯಾರೋ ಕಿಸಕ್ಕೆಂದರು. ನಾಚಿಕೆಯಿಂದ ಸತ್ತೇ ಹೋದೆ. ಹಾರ ತೆಗೆದು ಕಸದ ಡಬ್ಬಿಯತ್ತ ನಡೆದೆ.

"ಬೇಡ, ಇಲ್ಲಿ ಕೊಡು," ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ತಡೆದರು. "ತಂತಿ ಎಲ್ಲಿದೆ ಇದರಲ್ಲಿ?"

ತಂತಿಯಿಲ್ಲ, ಸೂಜಿಯಿಲ್ಲ, ಅಂಟೂ ಇಲ್ಲ, ಬರೀ ದಾರ, ಅಮ್ಮ ಕಟ್ಟಿದ್ದು ಎಂದೆ. ಅವರು ಹಾರವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಗಂಟು ನೋಡಿದರು. ಆಮೇಲೆ ಮೆಲ್ಲಗೆ ತಲೆಯ ಮೇಲಿನ ಟೋಪಿ ತೆಗೆದರು... ಆ ದೊಡ್ಡ ಮನುಷ್ಯ ಅಮ್ಮನ ಹೂವಿನ ಮುಂದೆ ಬರಿತಲೆಯಲ್ಲಿ ನಿಂತದ್ದನ್ನು ಕಂಡು ನನಗೆ ಮೈ ಜುಮ್ಮೆಂದಿತು. ಸಂಜೆಯ ಫುಟ್‌ಬಾಲಿಗೂ ನಾನು ಆ ಹಾರ ಹಾಕಿಕೊಂಡೇ ಹೋದೆ.

ಮುಂದಿನ ವಾರ ಮೇಷ್ಟ್ರು ಅಮ್ಮನನ್ನು ಕ್ಲಾಸಿಗೇ ಕರೆಸಿದರು. ಅಮ್ಮ ಎಡಚಿ, ಅವಳ ಗಂಟು ಎಲ್ಲರ ಗಂಟಿಗಿಂತ ಉಲ್ಟಾ ಸುತ್ತುತ್ತದೆ. ಅದಕ್ಕೆ ಅಜ್ಜಿಯಿಂದ ಬೈಸಿಕೊಂಡೇ ಬೆಳೆದವಳು. ಮೇಷ್ಟ್ರು ಅವಳ ಪಕ್ಕದಲ್ಲಿ ಕೂತು, ಆ ಉಲ್ಟಾ ಗಂಟನ್ನು ಇದ್ದ ಹಾಗೇ ಕಲಿತರು. ನಾನು ಕಲಿಯುವ ಗೋಜಿಗೇ ಹೋಗಲಿಲ್ಲ. ಮನೆಯಲ್ಲಿ ಅಮ್ಮ ಇದ್ದಳಲ್ಲ!

ಈ ವರ್ಷ ಮಾರ್ಚಿನಲ್ಲಿ ಮೇಷ್ಟ್ರು ತೀರಿಕೊಂಡರು. ಅಮ್ಮನನ್ನು ಚರ್ಚಿಗೆ ಕರೆದುಕೊಂಡು ಹೋದೆ. ಶವಪೆಟ್ಟಿಗೆಯ ಮೇಲೆ ಉದ್ದನೆಯ ಹಳದಿ ಸೇವಂತಿಗೆ ಹಾರವಿತ್ತು. ಅಮ್ಮ ಹತ್ತಿರ ಹೋಗಿ, ಸಂಧಿವಾತದಿಂದ ಸೆಟೆದ ಬೆರಳಲ್ಲಿ ಅದನ್ನು ತಡವಿದಳು.

"ಇದು ನನ್ ಗಂಟಲ್ವೇನೇ?"

ಪಕ್ಕದಲ್ಲಿ ಅಳುತ್ತಿದ್ದ ಅಮೆರಿಕನ್ ಹುಡುಗಿಯನ್ನು ಕೇಳಿದೆ. ಹಾರವನ್ನು ಮೇಷ್ಟ್ರ ಕ್ಲಾಸಿನವರೇ, ಅವಳೂ ಸೇರಿ, ಕಟ್ಟಿದ್ದಂತೆ. ಪ್ರತಿ ವರ್ಷವೂ ಮೇಷ್ಟ್ರ ಮೊದಲ ಪಾಠ ಇದೇ ಗಂಟಂತೆ. ಅಮ್ಮನಿಗೆ ಹೇಳಿದೆ. ಅವಳು ಹಾರದ ಗಂಟುಗಳನ್ನು ಒಂದೊಂದಾಗಿ ತಡವುತ್ತಾ ಹೋದಳು...

ಕೊತ್ತಂಬರಿಯ ಜೊತೆ ಆ ಸೇವಂತಿಗೆಯನ್ನೂ ಮನೆಗೆ ತಂದೆ. ಅಮ್ಮನ ಬೆರಳು ಈಗ ದಾರ ಹಿಡಿಯುವುದಿಲ್ಲ. ಬಲಗೈಯವಳಾದ ನಾನು ಎಡಗೈಯಲ್ಲಿ ಕಟ್ಟುತ್ತೇನೆ. "ಬಿಗಿ ಸಾಲ್ದು ಕಣೇ," ಎಂದು ಅಮ್ಮ ಕೂತಲ್ಲಿಂದಲೇ ತಿದ್ದುತ್ತಾಳೆ. ಮಾರ್ಚಿನಲ್ಲಿ ನಾನು ಕೇಳಿಕೊಂಡಾಗ ನನಗೆ ಈ ಗಂಟು ಕಲಿಸಿದ್ದು ಚರ್ಚಿನಲ್ಲಿ ಅಳುತ್ತಿದ್ದ ಆ ಹುಡುಗಿ. ಮೇಷ್ಟ್ರಿಗೆ ಒಮ್ಮೆ ತೋರಿಸಬೇಕಿತ್ತು, ಅವರಿಲ್ಲ.