ತಂತಿ ಬಿಗಿದ ಜಾಕೀಟುಗಳು

ಚನಬಸಪ್ಪನಿಗೆ ಬೆನ್ನೆಲುಬಿರಲಿಲ್ಲ. ಸಾಧು, ಯಾರ ತಂಟೆಗೂ ಹೋಗದವನು ಎಂದು ಜನ ಅವನನ್ನು ಹೊಗಳುತ್ತಿದ್ದರು. ಬೆನ್ನೆಲುಬಿಲ್ಲದವರ ಬಗ್ಗೆ ಮರ್ಯಾದೆಗಾಗಿ ಆಡುವ ಮಾತುಗಳು ಅವು. ಗದಗದ ಕಡೆಯ ಈ ಮನುಷ್ಯ ನಾಸಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಹಿರಿಯ ಟೆಕ್ನಿಷಿಯನ್. ಯಾರು ಏನು ಕೇಳಿದರೂ, ಅವರ ಮಾತು ಮುಗಿಯುವ ಮೊದಲೇ "ಆತ್ರಿ" ಅನ್ನುತ್ತಿದ್ದ. ಕಾಲನಿಯ ಗಣಪತಿ ಮಂಟಪಕ್ಕೆ ದೀಪ ಕಟ್ಟುವವನು ಅವನು. ದೀಪಾವಳಿಗೆ ಎಲ್ಲರೂ ಊರಿಗೆ ಹೋದಾಗ ಅವರ ಪಾಳಿ ಮಾಡುವವನೂ ಅವನೇ.

2013ರ ಹೊತ್ತಿಗೆ ಈ "ಆತ್ರಿ"ಗೆ ಒಂದು ಕಾರಣವೂ ಸೇರಿಕೊಂಡಿತ್ತು. ಅಂಚೆ ಇಲಾಖೆಯಲ್ಲಿದ್ದ ಹೆಂಡತಿ ಅನಸೂಯ ಬೆಂಗಳೂರಿಗೆ ವರ್ಗವಾಗಿ, ಮಗಳು ಚೈತನ್ಯಾಳನ್ನೂ ಕರೆದುಕೊಂಡು ಹೋಗಿ ವರ್ಷಗಳಾಗಿದ್ದವು. ತನಗೂ ಅಲ್ಲಿನ ತಮ್ಮದೇ ಕಂಪನಿಯ ಕಾರ್ಖಾನೆಗೆ ವರ್ಗ ಬೇಕೆಂದು ಅವನು ಹಾಕಿದ ಅರ್ಜಿ ವಿಭಾಗದ ಮುಖ್ಯಸ್ಥ ಮಧುಕರ ರಾವ್ ಅವರ ಮೇಜಿನ ಮೇಲಿತ್ತು. ಅವರು ಅದನ್ನು ತಳ್ಳಿಹಾಕಲೂ ಇಲ್ಲ, ಮುಂದೆ ಕಳಿಸಲೂ ಇಲ್ಲ. "ನೋಡೂಣ" ಅಂದಿದ್ದರು. ಆ ಒಂದು ಮಾತು ಚನಬಸಪ್ಪನನ್ನು ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ ಕೂಡಿಹಾಕಿತ್ತು. ಬೆಳಿಗ್ಗೆ ಮಾಡಿದ ಅನ್ನವನ್ನೇ ರಾತ್ರಿ ಉಂಡು, ಮಾರನೆಯ ದಿನ ಮಧುಕರ ರಾವ್ ಅವರ ಮುಖ ನೋಡಿ ಹವಾಮಾನ ತಿಳಿದುಕೊಳ್ಳುವುದು ಅವನ ಜೀವನವಾಗಿತ್ತು.

ಆ ಬೇಸಿಗೆಯಲ್ಲಿ ಮಧುಕರ ರಾವ್ ಅವರಿಗೆ ಏರ್‌ಸಾಫ್ಟ್ ಹುಚ್ಚು ಹತ್ತಿತು. ಸೈನಿಕರ ವೇಷ ಹಾಕಿ, ಪ್ಲಾಸ್ಟಿಕ್ ಗುಂಡು ಹಾರಿಸುವ ಬಂದೂಕು ಹಿಡಿದು, ಎರಡು ತಂಡಗಳು ಒಂದನ್ನೊಂದು ಬೇಟೆಯಾಡುವ ಆಟ ಅದು. ಔರಂಗಾಬಾದಿನ ಬಳಿ ದೌಲತಾಬಾದ್ ರಸ್ತೆಯಲ್ಲಿ ಯಾರೋ ಮೈದಾನ ತೆರೆದಿದ್ದರು. ಅಲ್ಲೇ ಹತ್ತಿರದ ಶೇಂದ್ರಾದ ಒಂದು ಕಾರ್ಖಾನೆಯ ತಂಡ ಪಂದ್ಯಕ್ಕೆ ಕರೆದಿತ್ತು. ಮಧುಕರ ರಾವ್ ತಮ್ಮ ವಿಭಾಗದವರನ್ನೇ ಸೇರಿಸಿ ತಂಡ ಕಟ್ಟಿದರು. ಗುಂಡು, ನೀರು ಇಟ್ಟುಕೊಳ್ಳುವ ಜಾಕೀಟು ಮೊದಲಾದ ಸಾಮಾನು ಆರಿಸುವ ಕೆಲಸ ಚನಬಸಪ್ಪನ ತಲೆಗೆ ಬಂತು. ಅವನು "ಆತ್ರಿ" ಅಂದ.

ದೇವಳಾಲಿ ಕ್ಯಾಂಪಿನಲ್ಲಿ ಮಿಲಿಟರಿ ಬಟ್ಟೆಬರೆ ಮಾರುವ ಅಂಗಡಿಗೆ ಮಧುಕರ ರಾವ್ ಅವರೂ ಬಂದರು, ಕಿರಿಯ ಎಂಜಿನಿಯರ್ ನಚಿಕೇತನೂ ಬಂದ. ಚನಬಸಪ್ಪ ಒಂದೊಂದೇ ಜಾಕೀಟು ತೊಟ್ಟು, ಕೈ ಮೇಲೆತ್ತಿದ, ಕುಕ್ಕರಗಾಲಲ್ಲಿ ಕೂತ, ಕೊನೆಗೆ ಅಂಗಡಿಯ ನೆಲದ ಮೇಲೆ ಬೋರಲಾಗಿ ಮಲಗಿದ.

"ಕಾಕಾ, ಚಾದರ ತರಲೇನು?" ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ.

ಚನಬಸಪ್ಪ ಎದ್ದು ಮೈ ಕೊಡವಿಕೊಂಡು, ತೆಳ್ಳಗಿನ ಜಾಲರಿಯದೊಂದನ್ನು ಎತ್ತಿಕೊಂಡ. ಮುಂದೆ ಜಿಪ್ಪು, ಬಲಗೈ ಸುಲಭವಾಗಿ ತಲುಪುವಂತೆ ಎಡಬದಿಗೆ ಚೀಲಗಳು, ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವ ಅಗಲದ ಬೆಲ್ಟು. ಬೋರಲು ಮಲಗಿದರೆ ಹೊಟ್ಟೆಗೆ ಏನೂ ಒತ್ತುತ್ತಿರಲಿಲ್ಲ. ಬಿಸಿಲಿಗೆ ಗಾಳಿಯೂ ಆಡುತ್ತಿತ್ತು. ಅಷ್ಟರಲ್ಲಿ ಮಧುಕರ ರಾವ್ ಕನ್ನಡಿಯ ಮುಂದೆ ನಿಂತಿದ್ದರು. ಅವರ ಮೈಮೇಲೆ ದಪ್ಪ ಕಪ್ಪು ಜಾಕೀಟು. ಎದೆಗೂ ಬೆನ್ನಿಗೂ ಗಟ್ಟಿ ಹಲಗೆ, ಹೊಟ್ಟೆಯ ತುಂಬ ಚೀಲಗಳು. ತಲೆಯ ಮೇಲಿಂದ ತೊಟ್ಟು ಕಂಕುಳ ಹಿಂದೆ ಬಕ್ಕಲ್ ಹಾಕಬೇಕಾದದ್ದು.

"ಹೆಂಗದ ಚನಬಸಪ್ಪ?"

ಚನಬಸಪ್ಪ ಕೈಯಲ್ಲಿದ್ದ ಜಾಲರಿಯ ಜಾಕೀಟನ್ನು ಮಡಚಿ ಗಲ್ಲಾದ ಮೇಲಿಟ್ಟ. "ಭಾಳ ಚಂದ ಐತ್ರಿ ಸಾಹೇಬ್ರ."

ಇಡೀ ತಂಡಕ್ಕೆ ಕಪ್ಪು ಜಾಕೀಟುಗಳೇ ಬಂದವು.

ಕಾಲನಿಯ ಮೈದಾನದಲ್ಲಿ ಮೊದಲ ಸಲ ಓಡಿದಾಗಲೇ ಬಕ್ಕಲ್‌ಗಳು ಟಪಟಪ ಬಿಚ್ಚಿಕೊಂಡವು. ಆಗ ಮಧುಕರ ರಾವ್ ಅವರಿಗೆ ಹೊಳೆದ ಉಪಾಯ ವಿಮಾನ ಕಟ್ಟುವವರಿಗಲ್ಲದೆ ಇನ್ಯಾರಿಗೂ ಹೊಳೆಯುವಂಥದ್ದಲ್ಲ. ವಿಮಾನದಲ್ಲಿ ನಡುಕಕ್ಕೆ ಸಡಿಲಾಗಬಹುದಾದ ಪ್ರತಿ ನಟ್ಟನ್ನೂ ಸಣ್ಣ ಉಕ್ಕಿನ ತಂತಿ ಹೆಣೆದು ಬಿಗಿಯುತ್ತಾರೆ. ಆ ಕೆಲಸದಲ್ಲಿ ಚನಬಸಪ್ಪನ ಕೈ ಹೆಸರಾದದ್ದು. "ಇವಕ್ಕೂ ತಂತಿ ಹಾಕ್ರಿ. ಅದ್ಹೆಂಗ ಬಿಚ್ಚತಾವ ನೋಡೂಣ!" ಅಂದರು. ಬಕ್ಕಲ್ ಇರುವುದೇ ಬೇಕಾದಾಗ ಚಿವುಟಿ ಬಿಚ್ಚಲು. ಅಷ್ಟು ದೊಡ್ಡ ಕಾರ್ಖಾನೆಯ ಅಷ್ಟು ಮಂದಿ ಎಂಜಿನಿಯರುಗಳಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ. ತಿಳಿದಿದ್ದ ಚನಬಸಪ್ಪ ತಂತಿ ಹೆಣೆದ.

ಎರಡನೆಯ ತಾಲೀಮಿನಲ್ಲಿ ನಚಿಕೇತ ಓಡಿ ಬಂದು ಬೇವಿನ ಮರದ ಬುಡದಲ್ಲಿ ಕುಸಿದು ಕೂತ. ಕೂತೊಡನೆ ಎದೆಯ ಹಲಗೆ ಮೇಲೇರಿ ಗಂಟಲಿಗೆ ಒತ್ತಿತು. ಬಿಚ್ಚಲು ಬರಲಿಲ್ಲ. ಅವನು ಎರಡೂ ಕೈಯಿಂದ ಎಳೆದಾಡುವುದನ್ನು ಕಂಡು ಗೆಳೆಯರು ನಕ್ಕರು. ಚನಬಸಪ್ಪ ಮನೆಗೆ ಓಡಿ ಇಕ್ಕಳ ತಂದು ತಂತಿ ಕತ್ತರಿಸುವ ಹೊತ್ತಿಗೆ ಹುಡುಗ ವಾಂತಿ ಮಾಡಿಕೊಂಡು ಬೂದಿಯ ಬಣ್ಣಕ್ಕೆ ತಿರುಗಿದ್ದ.

"ನಾಷ್ಟಾ ಜಾಸ್ತಿ ಆಗ್ಯದ ಅವಗ," ಅಂದರು ಮಧುಕರ ರಾವ್.

ಭಾನುವಾರ ಅನಸೂಯಳ ಫೋನು ಬಂತು. "ಸಾಹೇಬ್ರು ಏನಂದ್ರು?"

"ಮ್ಯಾಚ್ ಮುಗೀಲಿ, ಶಿಫಾರಸು ಬರೀತೀನಿ ಅಂದಾರ."

"ಗೆದ್ರ ಬರೀತಾರೋ, ಸೋತ್ರೂ ಬರೀತಾರೋ? ಕೇಳಿದ್ರೇನು?"

"ಹೆಂಗ ಕೇಳ್ಲಿ?"

"ಅದೂ ಖರೇನ. ನಿಮಗ ಬಾಯಿ ಅಂಬೋದನ್ನ ದೇವ್ರು ಉಣ್ಣಾಕಷ್ಟ ಕೊಟ್ಟಾನ."

ಅವನು ನಚಿಕೇತನಿಗೆ ಆದದ್ದನ್ನು ಹೇಳಿದ.

"ತಂತಿ ಕಟ್ಟಿದವ್ರು ಯಾರು?"

"ನಾನ."

ಅವಳು ಮಗಳ ಪರೀಕ್ಷೆಯ ಮಾತೆತ್ತಿದಳು.

ಪಂದ್ಯದ ದಿನ ದೌಲತಾಬಾದಿನ ಬಯಲು ಹೆಂಚಿನಂತೆ ಕಾದಿತ್ತು. ಶೇಂದ್ರಾದವರು ತೆಳ್ಳಗಿನ ಜಾಲರಿ ತೊಟ್ಟು ನೀರು ಕುಡಿಯುತ್ತ ಕೂತಿದ್ದರು. ಓಝರಿನವರು ಕಪ್ಪು ಜಾಕೀಟುಗಳಲ್ಲಿ ಸಾಲಾಗಿ ನಿಂತರು. ಚನಬಸಪ್ಪ ಮೊದಲು ಸಾಹೇಬರಿಗೆ, ಆಮೇಲೆ ಒಬ್ಬೊಬ್ಬರಿಗೇ ತಂತಿ ಬಿಗಿಯುತ್ತ ಬಂದ. ಉಕ್ಕು ಬೆರಳನ್ನು ಸುಡುತ್ತಿತ್ತು. ಸಾಲಿನ ಕೊನೆಯಲ್ಲಿ ನಚಿಕೇತ, ಪೊಲೀಸರ ತಪಾಸಣೆಗೆ ಒಳಗಾದವನಂತೆ ಎರಡೂ ಕೈ ಎತ್ತಿಕೊಂಡು ನಿಂತಿದ್ದ. ಇನ್ನೂ ಓಡಿರಲಿಲ್ಲ, ಆಗಲೇ ಬಾಯಿ ತೆರೆದು ಉಸಿರಾಡುತ್ತಿದ್ದ.

"ಕಾಕಾ, ಥೋಡೇ ಸಡಿಲ ಬಿಡ್ರಿ," ಎಂದ ಮೆಲ್ಲಗೆ.

"ಅವಂದ ಗಟ್ಟಿ ಬಿಗೀರಿ!" ಮಧುಕರ ರಾವ್ ಸಾಲಿನ ಆ ತುದಿಯಿಂದ ಕೂಗಿದರು. "ಇಲ್ಲಾಂದ್ರ ನಡುವ ಬಿಚ್ಚಿ ಒಗೀತಾನ. ಚನಬಸಪ್ಪ, ಸೋಮವಾರ ನಿಮ್ಮ ಅರ್ಜಿ ಕೈಯಾಗ ತಗೋತೀನಿ, ನೆನಪಿರ್ಲಿ."

"ಆತ್ರಿ," ಅಂದ ಚನಬಸಪ್ಪ.

ಬಕ್ಕಲ್‌ಗೆ ತಂತಿ ಪೋಣಿಸಿದ. ಒಂದು ಸುತ್ತು ಹೆಣೆದ. ಹುಡುಗನ ಪಕ್ಕೆಲುಬು ಬೆರಳಿನ ಕೆಳಗೆ ಏರಿಳಿಯುವುದು ತಿಳಿಯುತ್ತಿತ್ತು. ಚನಬಸಪ್ಪನ ಕೈ ನಿಂತಿತು. ಹೆಣೆದಿದ್ದನ್ನು ಬಿಚ್ಚಿ ತಂತಿಯನ್ನು ಹೊರಕ್ಕೆಳೆದ. ಆಮೇಲೆ ಹಿಂದಿರುಗಿ, ಪಕ್ಕದವನ ತಂತಿಯನ್ನು ಇಕ್ಕಳದಿಂದ ಕಟಕ್ಕನೆ ಕತ್ತರಿಸಿದ. ಅದರ ಆಚೆಯವನದನ್ನೂ ಕತ್ತರಿಸಿದ. ತುಂಡುಗಳನ್ನು ಜೇಬಿಗೆ ಹಾಕಿಕೊಳ್ಳುತ್ತ, ಅವಸರವಿಲ್ಲದೆ, ಸಾಲಿನ ಉದ್ದಕ್ಕೂ ವಾಪಸು ನಡೆದ.

"ಏ! ಏನ ಮಾಡ್ಲಿಕತ್ತೀರಿ? ತಲಿ ಕೆಟ್ಟದೇನು?"

ಚನಬಸಪ್ಪ ಇನ್ನೊಬ್ಬನ ತಂತಿ ಕತ್ತರಿಸಿದ. ಶೇಂದ್ರಾದವರು ಎದ್ದು ನಿಂತು ನೋಡತೊಡಗಿದರು. ಅವನು ಮಧುಕರ ರಾವ್ ಅವರ ಮುಂದೆ ಬಂದು ಇಕ್ಕಳದ ಬಾಯಿ ತೆರೆದ.

"ಕೈ ಎತ್ರಿ ಸಾಹೇಬ್ರ," ಎಂದು ಹೇಳಿ, ಅವರು ಎತ್ತುವವರೆಗೆ ಅಲ್ಲೇ ನಿಂತ.